ಗಡಿನಾಡಿನ ಕೆಸರುಹಾದಿ

ಮಹಾನಗರದ ಕಚೇರಿಗಳಲ್ಲಿ ದುಡಿಯುವವರಿಗೆ ನಡಿಗೆಯೆಂದರೆ ಮನೆಯಿಂದ ರೈಲು ನಿಲ್ದಾಣಕ್ಕೆ, ಅಲ್ಲಿಂದ ಕಚೇರಿಗೆ ಧಾವಿಸುವುದಷ್ಟೇ ಆಗಿದೆ. ಆದುದರಿಂದ ಮಳೆಗಾಲದ ರಜೆಯಲ್ಲಿ ಸಹ್ಯಾದ್ರಿಯ ಕಡೆಗೆ ಹೊರಡುವ ಹವ್ಯಾಸ ಸ್ವಾಗತಾರ್ಹವೇ ಸರಿ. ಮುಂಬಯಿ, ಪುಣೆಗಳ ಕನ್ನಡಿಗರಿಗೆ ಕಾಡಿನ ತಂಪನ್ನೂ ತವರಿನ ನಂಟನ್ನೂ ಒಟ್ಟಿಗೆ ನೀಡಬಲ್ಲ ಸ್ಥಳವೆಂದರೆ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಪಶ್ಚಿಮದ ಅಂಚು. ಹೊರಡುವ ಮುನ್ನ ಆ ನೆಲದ ಗುಣದೋಷಗಳನ್ನು ತಿಳಿದಿರುವುದು ಒಳ್ಳೆಯದು.

ಮೂರು ನುಡಿಗಳ ನೆಲ

ಬೆಳಗಾವಿಯಿಂದ ಜಾಂಬೋಟಿಯ ಮೂಲಕ ಸಾಗುವ ರಸ್ತೆ ಕಣಕುಂಬಿಯನ್ನು ದಾಟಿ ಚೋರ್ಲಾ ಘಟ್ಟವನ್ನು ಸೇರುತ್ತದೆ. ಕರ್ನಾಟಕ, ಮಹಾರಾಷ್ಟ್ರ, ಗೋವಾಗಳ ಎಲ್ಲೆಗಳು ಕೂಡುವುದು ಈ ಆಸುಪಾಸಿನಲ್ಲಿ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಇದೇ ತಾಲೂಕಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಇಳಿದು, ಗೋವೆಯಲ್ಲಿ ಮಾಂಡೋವಿಯೆಂಬ ಹೆಸರಿನಿಂದ ಅರಬ್ಬೀ ಸಮುದ್ರವನ್ನು ಕೂಡುತ್ತದೆ.

ಇಲ್ಲಿಯ ಹಳ್ಳಿಗರ ಮನೆಮಾತು ಬಹುಮಟ್ಟಿಗೆ ಮರಾಠಿ, ಘಟ್ಟವಿಳಿದರೆ ಕೊಂಕಣಿ. ಕನ್ನಡದ ಕೆಸರು ಇಲ್ಲಿ ‘ಚಿಖಲ್’, ದೇವರಕಾಡು ‘ದೇವರಾಯಿ’, ಹಲಸು ‘ಫಣಸ್’. ದಾದರಿನ ಮಾರುಕಟ್ಟೆಯಲ್ಲಿ ಕಲಿತ ಮರಾಠಿ ಕನ್ನಡನಾಡಿನ ನೆಲದಲ್ಲಿಯೇ ದಾರಿ ಕೇಳಲು ಒದಗುವುದುಂಟು. ಹಾದಿ ತಪ್ಪಿದಾಗ, ಕಾಲು ಉಳುಕಿದಾಗ ಊರವನ ನೆರವೇ ಮೊದಲ ಚಿಕಿತ್ಸೆಯಾದುದರಿಂದ, ನಾಲ್ಕು ಮಾತು ಬಲ್ಲವನು ಜೊತೆಗಿರುವುದು ಲೇಸು.

2011ರಲ್ಲಿ ಘೋಷಿತವಾದ ಭೀಮಗಡ ವನ್ಯಧಾಮ ಸುಮಾರು 190 ಚದರ ಕಿಲೋಮೀಟರುಗಳಷ್ಟಿದ್ದು, ಅಲ್ಲಿ ಹುಲಿ, ಕರಡಿಗಳಿವೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಹೋಗುವುದು ಸಲ್ಲದು.

ಇಂಬಳ ಮತ್ತು ಇಲಿಜ್ವರ

ಮಳೆಗಾಲದ ಕಾಡಿನಲ್ಲಿ ಎಲ್ಲರನ್ನೂ ಹೆದರಿಸುವುದು ಇಂಬಳ. ಆದರೆ ಅದರಿಂದ ಅಪಾಯ ಕಡಿಮೆ. ಅದನ್ನು ಕಿತ್ತೆಸೆಯದೆ, ಉಗುರಿನ ಅಂಚಿನಿಂದ ಅದರ ಬಾಯಿಯನ್ನು ಮೆಲ್ಲನೆ ಸರಿಸಬೇಕು. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿರುವುದರಿಂದ ರಕ್ತ ಕೆಲಕಾಲ ಒಸರುತ್ತದೆ. ಶುಭ್ರವಾದ ಬಟ್ಟೆಯನ್ನು ಒತ್ತಿ ಹಿಡಿದರೆ ಸಾಕು. ಹೃದ್ರೋಗಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಮಾತ್ರ ಮುಂಚಿತವಾಗಿ ವೈದ್ಯರನ್ನು ಕೇಳತಕ್ಕದ್ದು.

ನಿಜವಾಗಿ ಅಂಜಬೇಕಾದದ್ದು ನಿಂತ ನೀರಿಗೆ. ಇಲಿ, ದನಕರುಗಳ ಮೂತ್ರ ಬೆರೆತ ಕೆಸರಿನಿಂದ, ಕಾಲಿನ ಸಣ್ಣ ಗಾಯದ ಮೂಲಕ, ಲೆಪ್ಟೋಸ್ಪೈರಾ ಎಂಬ ರೋಗಾಣು ದೇಹವನ್ನು ಸೇರುತ್ತದೆ. ಇದೇ ಇಲಿಜ್ವರ. 2005ರ ಜುಲೈ 26ರ ಮಹಾಮಳೆಯ ಬಳಿಕ ಮುಂಬಯಿ ಇದರ ಹಾವಳಿಯನ್ನು ಕಂಡಿದೆ. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಇದರ ಲಕ್ಷಣಗಳು. ಸಕಾಲದಲ್ಲಿ ಔಷಧ ದೊರೆತರೆ ಗುಣವಾಗುವ ಈ ರೋಗ, ತಡವಾದರೆ ಮೂತ್ರಪಿಂಡ, ಯಕೃತ್ತುಗಳನ್ನು ಕೆಡಿಸಬಲ್ಲದು.

ಬೇಸಿಗೆಯ ಉಣ್ಣೆ

ಮಳೆ ನಿಂತ ಮೇಲೆ ಹೋಗುವವರಿಗೆ ಬೇರೊಂದು ಎಚ್ಚರಿಕೆ ಅಗತ್ಯ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ, 2015ರಲ್ಲಿ ಗೋವೆಯ ಸತ್ತರಿಯಲ್ಲಿಯೂ, 2016ರಲ್ಲಿ ಮಹಾರಾಷ್ಟ್ರದ ದೋಡಾಮಾರ್ಗದಲ್ಲಿಯೂ ಕಾಣಿಸಿಕೊಂಡಿತು. ಅದನ್ನು ಹರಡುವ ಉಣ್ಣೆಗೆ ರಾಜ್ಯದ ಎಲ್ಲೆಯೂ ಇಲ್ಲ, ಭಾಷೆಯ ಎಲ್ಲೆಯೂ ಇಲ್ಲ. ಡಿಸೆಂಬರಿನಿಂದ ಮೇವರೆಗೆ ತುಂಬುತೋಳಿನ ಉಡುಪು ಧರಿಸಬೇಕು; ತರಗೆಲೆಗಳ ಮೇಲೆ ಕೂರಬಾರದು; ಸತ್ತ ಮಂಗನ ಬಳಿ ಸುಳಿಯಬಾರದು.

ಪಾದ ಮತ್ತು ಮೊಣಕಾಲು

ನಲವತ್ತು ದಾಟಿದವರ ಮೊಣಕಾಲಿಗೆ ಏರುವುದಕ್ಕಿಂತ ಇಳಿಯುವುದು ಕಷ್ಟ. ಕೈಯಲ್ಲೊಂದು ಕೋಲು, ಹಲ್ಲುಗಳುಳ್ಳ ಅಟ್ಟೆಯ ಬೂಟು, ಚಿಕ್ಕ ಹೆಜ್ಜೆ ಇವು ಸಾಕಷ್ಟು ಕಾಪಾಡುತ್ತವೆ. ಸಂಜೆ ಪಾದ ತೊಳೆದು, ಬೆರಳ ಸಂದುಗಳನ್ನು ಒರೆಸದಿದ್ದರೆ ಕೆಸರುಹುಣ್ಣು ಬರುವುದುಂಟು. ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶಜ್ಞಾನ ಕುಂದಿರಬಹುದಾದ್ದರಿಂದ, ಅವರು ಪ್ರತಿ ಸಂಜೆ ಪಾದವನ್ನು ಕಣ್ಣಾರೆ ಪರೀಕ್ಷಿಸಲೇಬೇಕು.

ಕೊನೆಯದಾಗಿ, ಅತಿ ಮುಖ್ಯವಾದ ಮಾತು. ಇಲಿಜ್ವರ ತಲೆದೋರಲು ಎರಡು ದಿನಗಳಿಂದ ಒಂದು ತಿಂಗಳವರೆಗೆ ಹಿಡಿಯಬಹುದು. ಮಂಗನ ಕಾಯಿಲೆಗೆ ಮೂರರಿಂದ ಎಂಟು ದಿನ. ಅಷ್ಟರಲ್ಲಿ ನಡೆದವನು ನಗರಕ್ಕೆ ಮರಳಿ, ಕಾಡನ್ನು ಮರೆತು, ಜ್ವರದ ಮಾತ್ರೆ ನುಂಗುತ್ತಿರುತ್ತಾನೆ. ನಗರದ ವೈದ್ಯರಿಗೆ ಆ ಕಾಡಿನ ಸುಳಿವು ಇರುವುದಿಲ್ಲ. ಪ್ರವಾಸದ ತರುವಾಯ ಒಂದು ತಿಂಗಳೊಳಗೆ ಜ್ವರ ಬಂದರೆ, ಎಲ್ಲಿ ನಡೆದದ್ದು, ಯಾವ ನೀರಿನಲ್ಲಿ ಕಾಲಿಟ್ಟದ್ದು ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಆ ಒಂದು ಮಾತಿನಿಂದ ಜೀವ ಉಳಿಯಬಹುದು.