ಅಂತರ್ಜಾಲ ಬಾನುಲಿ ಮತ್ತು ಊರಿನ ಮಾತು: ಒಂದು ವಿವೇಚನೆ

೧. ಹಿನ್ನೆಲೆ

ಬಾನುಲಿ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಆಕಾಶವಾಣಿ. ಆದರೆ ಆ ಹೆಸರಿನ ಮೂಲವೇ ಒಂದು ಕಿರು ಪ್ರಯತ್ನದಲ್ಲಿದೆ. ೧೯೩೫ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಆರಂಭಿಸಿದ ಪುಟ್ಟ ಕೇಂದ್ರ 'ಆಕಾಶವಾಣಿ' ಎನಿಸಿಕೊಂಡಿತು. ಮುಂದೆ ದೇಶದ ಬಾನುಲಿ ಸಂಸ್ಥೆಗೂ ಅದೇ ಹೆಸರಾಯಿತು. ಹೀಗೆ ಮನೆಯೊಂದರಲ್ಲಿ ಹುಟ್ಟಿದ ಬಾನುಲಿ ಕಾಲಕ್ರಮದಲ್ಲಿ ಸರ್ಕಾರದ ಸ್ವತ್ತಾಗಿ, ಪ್ರತಿಯೊಂದು ಊರೂ ಕೇಳುವ, ಆದರೆ ಯಾವುದೇ ಒಂದು ಊರು ತನ್ನ ಮಾತನ್ನು ತಾನೇ ಆಡಲಾಗದ ಮಾಧ್ಯಮವಾಗಿ ಬೆಳೆಯಿತು.

ಈ ಸ್ಥಿತಿ ಬದಲಾಗತೊಡಗಿದ್ದು ೧೯೯೫ರಲ್ಲಿ. ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ತರಂಗಾಂತರಗಳು ಸಾರ್ವಜನಿಕ ಸ್ವತ್ತೆಂದು ಸಾರಿತು. ಆದರೆ ತೀರ್ಪು ಬಂದ ಮಾತ್ರಕ್ಕೆ ಹಳ್ಳಿಗಳಿಗೆ ತರಂಗಾಂತರ ದೊರೆಯಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಎಂಬ ಸಮುದಾಯ ಬಾನುಲಿ ೨೦೦೩ರಲ್ಲಿ ಪ್ರಸಾರ ಆರಂಭಿಸಿದಾಗ ಅದಕ್ಕೆ ಗಾಳಿಯ ಮೂಲಕ ಮಾತನಾಡುವ ಪರವಾನಗಿ ಇರಲಿಲ್ಲ. ದೂರದರ್ಶನದ ಕೇಬಲ್ ತಂತಿಯಲ್ಲಿಯೇ ಧ್ವನಿಯನ್ನು ಹರಿಸಿ ಮನೆಮನೆಗೆ ಮುಟ್ಟಿಸಲಾಯಿತು. ಸ್ವಸಹಾಯ ಸಂಘಗಳ ಮಹಿಳೆಯರು ಈ ಪ್ರಯತ್ನದ ಬೆನ್ನೆಲುಬಾಗಿದ್ದರು. ೨೦೦೬ರ ನೀತಿಯು ನಾಗರಿಕ ಸಂಘಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಬಾಗಿಲನ್ನು ತೆರೆಯಿತು. ಆದರೆ ಸುದ್ದಿ, ಪ್ರಚಲಿತ ವಿದ್ಯಮಾನ ಹಾಗೂ ರಾಜಕೀಯ ಸ್ವರೂಪದ ಕಾರ್ಯಕ್ರಮಗಳನ್ನು ಹೊರಗಿರಿಸಿತು. ಊರಿನ ಕುಡಿಯುವ ನೀರು, ಪಡಿತರ, ರಸ್ತೆ ಇವೆಲ್ಲ ಎಲ್ಲಿ ಮಾಹಿತಿಯಾಗಿ ಮುಗಿಯುತ್ತವೆ, ಎಲ್ಲಿ ಸುದ್ದಿಯಾಗಿ ಆರಂಭವಾಗುತ್ತವೆ ಎಂಬ ತೊಡಕಿನ ಪ್ರಶ್ನೆ ಅಂದಿನಿಂದ ಉಳಿದುಕೊಂಡಿದೆ.

ಅಂತರ್ಜಾಲದ ಮೂಲಕ ನಡೆಯುವ ಕಿರು ಬಾನುಲಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಸ್ಥಳೀಯ ಸಮಸ್ಯೆಗಳನ್ನು ಕುರಿತ ಇಂತಹ ಪ್ರಸಾರ ಹೇಗೆ ನಡೆಯುತ್ತದೆ, ಅದರಲ್ಲಿ ಕನ್ನಡ ಯಾವ ಸ್ವರೂಪ ತಾಳುತ್ತದೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಗಡಿಯಿಲ್ಲದ ಮಾಧ್ಯಮ, ಗಡಿಯುಳ್ಳ ಊರು

ಅಂತರ್ಜಾಲ ಬಾನುಲಿಗೆ ತರಂಗಾಂತರ ಬೇಡ. ಆದ್ದರಿಂದ ತರಂಗಾಂತರದ ಪರವಾನಗಿಯೂ ಬೇಡ. ೧೯೯೩ರಲ್ಲಿ ಅಮೆರಿಕದ ಕಾರ್ಲ್ ಮಾಲಮುಡ್ ಅಂತರ್ಜಾಲದಲ್ಲಿ ಮಾತಿನ ಕಾರ್ಯಕ್ರಮವನ್ನು ಆರಂಭಿಸಿದಾಗ ಅದನ್ನು ಕೇಳಬಲ್ಲವರು ಗಣಕಯಂತ್ರ ಬಲ್ಲ ಕೆಲವರು ಮಾತ್ರ. ಇಂದು ಮೊಬೈಲ್ ಇರುವವರೆಲ್ಲ ಅದರ ಸಂಭಾವ್ಯ ಶ್ರೋತೃಗಳು. ಆದರೆ ಪರವಾನಗಿ ಬೇಡವೆಂದರೆ ಹೊಣೆ ಇಲ್ಲವೆಂದಲ್ಲ. ಮಾನಹಾನಿಯ ಕಾನೂನು ಇಲ್ಲಿಯೂ ಅನ್ವಯಿಸುತ್ತದೆ. ಸುದ್ದಿಯನ್ನು ಅಂತರ್ಜಾಲದಲ್ಲಿ ಪ್ರಕಟಿಸುವವರಿಗೆ ೨೦೨೧ರ ಮಾಹಿತಿ ತಂತ್ರಜ್ಞಾನ ನಿಯಮಗಳೂ ಇವೆ.

ಇಲ್ಲಿ ಗಮನಿಸಬೇಕಾದ ಮೂಲಭೂತ ವ್ಯತ್ಯಾಸವೊಂದಿದೆ. ಸಮುದಾಯ ಬಾನುಲಿಯ ಪ್ರೇಷಕದ ಶಕ್ತಿ ಕಡಿಮೆ. ಅದರ ಧ್ವನಿ ಕೆಲವು ಕಿಲೋಮೀಟರುಗಳಾಚೆಗೆ ಹೋಗದು. ಈ ಮಿತಿಯೇ ಅದನ್ನು ಸ್ಥಳೀಯವಾಗಿ ಉಳಿಸುತ್ತದೆ. ಅಂತರ್ಜಾಲದ ಧ್ವನಿಗೆ ಅಂತಹ ಮೇರೆಯಿಲ್ಲ. ಊರಿನಲ್ಲಿರುವವರಿಗಿಂತ ಊರು ಬಿಟ್ಟು ಬೆಂಗಳೂರಿಗೋ ಹೊರದೇಶಕ್ಕೋ ಹೋದವರಿಗೆ ಅದನ್ನು ಕೇಳುವ ಅನುಕೂಲ ಹೆಚ್ಚಾಗಿರಬಹುದು. ಅವರ ಮೆಚ್ಚುಗೆಗೆ ಓಗೊಟ್ಟ ಕಾರ್ಯಕ್ರಮ ಮೆಲ್ಲಗೆ ಊರಿನ ಸಮಸ್ಯೆಯಿಂದ ಊರಿನ ನೆನಪಿನತ್ತ, ಚರಂಡಿಯಿಂದ ಜಾತ್ರೆಯತ್ತ ಜಾರುವ ಸಂಭವವಿದೆ. ಆದ್ದರಿಂದ ತರಂಗ ಹಾಕುತ್ತಿದ್ದ ಗಡಿಯನ್ನು ಇಲ್ಲಿ ವಿಷಯ ಮತ್ತು ಭಾಷೆಗಳೇ ಹಾಕಬೇಕಾಗುತ್ತದೆ. ಅಂತರ್ಜಾಲ ಬಾನುಲಿಯ ಸ್ಥಳೀಯತೆ ಭೌಗೋಳಿಕವಾದುದಲ್ಲ, ಭಾಷಿಕವಾದುದು ಎಂಬುದು ಈ ಲೇಖನದ ಮುಖ್ಯ ಪ್ರತಿಪಾದನೆ.

೩. ಪ್ರಸಾರದ ಕ್ರಮ

ವಾರಕ್ಕೊಮ್ಮೆ ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ಬೇಕಾದ ಸಲಕರಣೆ ಅಲ್ಪ. ಮೊಬೈಲ್ ಅಥವಾ ಒಂದು ಧ್ವನಿಮುದ್ರಣ ಯಂತ್ರ, ಆಡಾಸಿಟಿಯಂತಹ ಉಚಿತ ತಂತ್ರಾಂಶ, ಕಡತವನ್ನು ಇರಿಸಲು ಅಂತರ್ಜಾಲದಲ್ಲಿ ಸ್ಥಳ ಇಷ್ಟಿದ್ದರೆ ಸಾಕು. ಪ್ರಸಾರದಲ್ಲಿ ಎರಡು ಬಗೆ: ಆ ಕ್ಷಣಕ್ಕೇ ಕೇಳಿಸುವ ನೇರ ಪ್ರಸಾರ ಮತ್ತು ಕಡತವಾಗಿ ಇರಿಸಿ ಬೇಕಾದಾಗ ಕೇಳುವ ಪ್ರಸಾರ. ಸೆಕೆಂಡಿಗೆ ೬೪ ಕಿಲೋಬಿಟ್ ವೇಗದ ನೇರ ಪ್ರಸಾರವನ್ನು ಏಕಕಾಲಕ್ಕೆ ೫೦ ಮಂದಿ ಕೇಳಿದರೆ ಸರ್ವರಿನಿಂದ ಸೆಕೆಂಡಿಗೆ ೩.೨ ಮೆಗಾಬಿಟ್ ಹೊರಹರಿಯಬೇಕು. ಅಂದರೆ ಕೇಳುಗರು ಹೆಚ್ಚಿದಂತೆ ಹೊರೆಯೂ ಹೆಚ್ಚುತ್ತದೆ. ಸಾಮಾನ್ಯ ಬಾನುಲಿಯಲ್ಲಿ ಒಬ್ಬ ಕೇಳಿದರೂ ಸಾವಿರ ಮಂದಿ ಕೇಳಿದರೂ ಪ್ರೇಷಕದ ವೆಚ್ಚ ಒಂದೇ. ಅದೇ ವೇಗದ ಅರ್ಧ ಗಂಟೆಯ ಕಡತದ ಗಾತ್ರ ೧೪.೪ ಮೆಗಾಬೈಟ್. ಕೇವಲ ಮಾತಿಗೆ ೩೨ ಕಿಲೋಬಿಟ್ ಸಾಲುವುದರಿಂದ ಅದನ್ನು ೭.೨ಕ್ಕೆ ಇಳಿಸಬಹುದು. ವಿದ್ಯುತ್ತು ಮತ್ತು ಸಂಪರ್ಕ ಕೈಕೊಡುವ ಕಡೆಗಳಲ್ಲಿ ಕಡತದ ಕ್ರಮವೇ ಲೇಸು. ಕೈಯಿಂದ ಕೈಗೆ ದಾಟಿಸಬಹುದಾದ್ದರಿಂದ ಅಂತರ್ಜಾಲವಿಲ್ಲದ ಮನೆಯನ್ನೂ ಅದು ಮುಟ್ಟುತ್ತದೆ.

ಸಂಗೀತದ ಬಳಕೆಯಲ್ಲಿ ಎಚ್ಚರ ಅಗತ್ಯ. ೨೦೧೨ರ ತಿದ್ದುಪಡಿಯ ಮೂಲಕ ಕೃತಿಸ್ವಾಮ್ಯ ಕಾಯಿದೆಯು ಬಾನುಲಿ ಮತ್ತು ದೂರದರ್ಶನಗಳಿಗೆ ಕೊಟ್ಟ ಶಾಸನಬದ್ಧ ಪರವಾನಗಿ ಅಂತರ್ಜಾಲ ಪ್ರಸಾರಕ್ಕೆ ಅನ್ವಯಿಸದೆಂದು ಮುಂಬಯಿ ಉಚ್ಚ ನ್ಯಾಯಾಲಯ ೨೦೧೯ರಲ್ಲಿ ತೀರ್ಪಿತ್ತಿತು. ಆದುದರಿಂದ ಚಿತ್ರಗೀತೆಗಳನ್ನು ತುಂಬಿ ಹೊತ್ತು ಕಳೆಯುವ ದಾರಿ ಇಲ್ಲಿಲ್ಲ. ಊರಿನ ಹಾಡುಗಾರರನ್ನು ಅವರ ಒಪ್ಪಿಗೆ ಪಡೆದು ಹಾಡಿಸುವುದು ಉಳಿದಿರುವ ಮಾರ್ಗ. ಅದು ಉತ್ತಮ ಮಾರ್ಗವೂ ಹೌದು.

೪. ಭಾಷೆಯ ಪ್ರಶ್ನೆ

ನೀರಿನ ಅಭಾವವನ್ನು ಪತ್ರಿಕಾಭಾಷೆ 'ಗ್ರಾಮದಲ್ಲಿ ಕುಡಿಯುವ ನೀರಿನ ಸಮಸ್ಯೆ ಉಲ್ಬಣಿಸಿದೆ' ಎಂದು ಹೇಳುತ್ತದೆ. ಇದೇ ಸಂಗತಿಯನ್ನು ಧಾರವಾಡದ ಕಡೆಯ ಹೆಣ್ಣುಮಗಳು 'ಮೂರ ದಿನಾ ಆತ್ರೀ, ನಳದಾಗ ನೀರ ಬಂದಿಲ್ಲ' ಎಂದೂ ಮಂಡ್ಯದ ಕಡೆಯವಳು 'ಮೂರ್ ದಿನ ಆಯ್ತು, ನಲ್ಲೀಲಿ ನೀರೇ ಬಂದಿಲ್ಲ' ಎಂದೂ ಹೇಳಿಯಾಳು. ಮೊದಲ ವಾಕ್ಯ ಯಾವ ಊರಿಗಾದರೂ ಸಲ್ಲುತ್ತದೆ. ಆದ್ದರಿಂದಲೇ ಯಾವ ಊರಿಗೂ ಸೇರಿದುದಲ್ಲ. ಉಳಿದೆರಡು ವಾಕ್ಯಗಳಲ್ಲಿ ಕಾಲವಿದೆ, ಸ್ಥಳವಿದೆ, ಆಡಿದವರಿದ್ದಾರೆ. 'ಅಸಮರ್ಪಕ ಪೂರೈಕೆ' ಎಂಬುದಕ್ಕಿಂತ 'ಮನೆಗೆ ನಾಲ್ಕು ಬಿಂದಿಗೆ' ಎಂಬುದು ಹೆಚ್ಚು ನಿಖರವಾದ ಮಾಹಿತಿ. ಆಡುಮಾತು ಇಲ್ಲಿ ಅಲಂಕಾರವಲ್ಲ, ಸಾಕ್ಷ್ಯ.

ಆಡಳಿತ ಭಾಷೆಯ ಕರ್ಮಣಿ ಪ್ರಯೋಗವನ್ನೂ ಗಮನಿಸಬಹುದು. 'ಕ್ರಮ ಕೈಗೊಳ್ಳಲಾಗುವುದು' ಎಂಬ ವಾಕ್ಯದಲ್ಲಿ ಕರ್ತೃವಿಲ್ಲ. ಸಂಶೋಧನ ಬರಹಗಳಲ್ಲಿ, ಈ ಲೇಖನದಲ್ಲಿಯೂ, ಈ ಪ್ರಯೋಗ ರೂಢಿಯಾಗಿದೆ. ಅಲ್ಲಿ ಅದರಿಂದ ಯಾರಿಗೂ ಹಾನಿಯಿಲ್ಲ. ಆದರೆ ಊರಿನ ಕಾರ್ಯಕ್ರಮದಲ್ಲಿ ಕರ್ತೃ ಕಣ್ಮರೆಯಾದರೆ ಹೊಣೆಗಾರನೂ ಕಣ್ಮರೆಯಾಗುತ್ತಾನೆ. 'ಯಾರು ಕೈಗೊಳ್ಳುತ್ತಾರೆ, ಎಂದು?' ಎಂದು ಮರುಪ್ರಶ್ನಿಸಿ ಕರ್ತರಿ ವಾಕ್ಯವನ್ನು ಪಡೆಯುವುದೇ ನಿರೂಪಕನ ಕೆಲಸ. ೨೦೦೫ರ ಮಾಹಿತಿ ಹಕ್ಕು ಕಾಯಿದೆಯ ಮೂಲಕ ಪಡೆದ ದಾಖಲೆ ಕೈಯಲ್ಲಿದ್ದರೆ ಆ ಪ್ರಶ್ನೆಗೆ ಬಲ ಬರುತ್ತದೆ.

ಸಂಬೋಧನೆಯದು ಇನ್ನೂ ಸೂಕ್ಷ್ಮ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು 'ತಾವು' ಎಂದು ಕರೆದು, ಅದೇ ಕಾರ್ಯಕ್ರಮದಲ್ಲಿ ನೀರುಗಂಟಿಯನ್ನು 'ನೀನು' ಎಂದರೆ, ವಿಷಯ ಎಷ್ಟೇ ಜನಪರವಾಗಿದ್ದರೂ ವ್ಯಾಕರಣ ಹಳೆಯ ಶ್ರೇಣಿಯನ್ನೇ ಬಿತ್ತರಿಸುತ್ತದೆ. ಎಲ್ಲರಿಗೂ ಬಹುವಚನವನ್ನೇ ಬಳಸುವ ನಿಯಮವನ್ನು ಕಿರು ಬಾನುಲಿಗಳು ಮೊದಲೇ ಮಾಡಿಕೊಳ್ಳುವುದು ಒಳಿತು.

೫. ಧ್ವನಿಯ ಹೊಣೆ

ಮುದ್ರಣದಲ್ಲಿ ಹೆಸರನ್ನು ಮರೆಮಾಡಬಹುದು. ಧ್ವನಿಯಲ್ಲಿ ಅದು ಕಷ್ಟ. ವಿಲಿಯಂ ಬ್ರೈಟ್ ೧೯೬೦ರ ಸುಮಾರಿನಲ್ಲಿಯೇ ಕನ್ನಡದ ಜಾತಿ ಉಪಭಾಷೆಗಳನ್ನು ಅಭ್ಯಸಿಸಿ ಉಚ್ಚಾರಣೆ ಮತ್ತು ಪದಬಳಕೆಗಳು ಸಾಮಾಜಿಕ ಭೇದವನ್ನು ಹೇಗೆ ಸೂಚಿಸುತ್ತವೆ ಎಂಬುದನ್ನು ತೋರಿಸಿದ್ದರು. ಸಣ್ಣ ಊರಿನಲ್ಲಿ ಎರಡು ವಾಕ್ಯ ಕೇಳಿದರೆ ಸಾಕು, ಆಡಿದವರು ಯಾರು, ಯಾವ ಕೇರಿಯವರು ಎಂಬುದು ತಿಳಿದುಹೋಗುತ್ತದೆ. ಪಡಿತರದ ತೂಕದಲ್ಲಿನ ಮೋಸವನ್ನು ಹೇಳಿದವಳು ಮರುದಿನ ಅದೇ ಅಂಗಡಿಯ ಮುಂದೆ ಸಾಲಿನಲ್ಲಿ ನಿಲ್ಲಬೇಕು. ಕಡತವಂತೂ ಒಮ್ಮೆ ಹರಡಿದರೆ ಅಳಿಸಲಾಗದು. ಆದುದರಿಂದ ಮುದ್ರಣಕ್ಕೆ ಮೊದಲು ಒಪ್ಪಿಗೆ ಕೇಳುವುದರ ಜೊತೆಗೆ, ಸಂಕಲನವಾದ ಮೇಲೆ ಅವರಿಗೇ ಕೇಳಿಸಿ ಮತ್ತೊಮ್ಮೆ ಒಪ್ಪಿಗೆ ಪಡೆಯಬೇಕು. ಬೇಡವೆಂದಾಗ ಅವರ ಮಾತಿನ ಸಾರವನ್ನು ನಿರೂಪಕನೇ ತನ್ನ ಧ್ವನಿಯಲ್ಲಿ ಹೇಳಬಹುದು. ಇದರಿಂದ ಸಾಕ್ಷ್ಯದ ಬನಿ ಕುಂದುವುದು ನಿಜ; ಆದರೆ ಕಾರ್ಯಕ್ರಮದ ಕಸುವಿಗಿಂತ ಮಾತನಾಡಿದವಳ ನೆಮ್ಮದಿ ದೊಡ್ಡದು. ಆರೋಪಕ್ಕೆ ಒಳಗಾದವರ ಉತ್ತರವನ್ನೂ ಅದೇ ಕಾರ್ಯಕ್ರಮದಲ್ಲಿ, ಅಷ್ಟೇ ಅವಕಾಶವಿತ್ತು, ಕೇಳಿಸುವುದು ನ್ಯಾಯ.

೬. ಸಮಾರೋಪ

ಛತ್ತೀಸಗಢದಲ್ಲಿ ೨೦೧೦ರಲ್ಲಿ ಆರಂಭವಾದ 'ಸಿಜಿನೆಟ್ ಸ್ವರ' ಸಾಮಾನ್ಯ ದೂರವಾಣಿಯ ಕರೆಯ ಮೂಲಕವೇ ಜನರ ಮಾತನ್ನು ಮುದ್ರಿಸಿಕೊಂಡು ಕೇಳಿಸಿತು. ಗೋಂಡಿಯಂತಹ ಭಾಷೆಯನ್ನಾಡುವವರಿಗೂ ಅಲ್ಲಿ ಎಡೆ ದೊರೆಯಿತು. ಬೂದಿಕೋಟೆಯ ತಂತಿ, ಛತ್ತೀಸಗಢದ ದೂರವಾಣಿ, ಇಂದಿನ ಅಂತರ್ಜಾಲ ಇವು ಮೂರೂ ಒಂದೇ ಬಯಕೆಯ ಬೇರೆ ಬೇರೆ ದಾರಿಗಳು. ತಂತ್ರಜ್ಞಾನ ಬದಲಾದರೂ ತಮ್ಮ ಊರಿನ ಸಂಗತಿಯನ್ನು ತಮ್ಮ ಮಾತಿನಲ್ಲಿ ಹೇಳಬೇಕೆಂಬ ಹಂಬಲ ಬದಲಾಗಿಲ್ಲ.

ಕನ್ನಡ ವಿಭಾಗಗಳಿಗೆ ಇಲ್ಲಿ ಎರಡು ಕೆಲಸಗಳಿವೆ. ಜನಪದ ಗೀತೆ, ಕಾವ್ಯಗಳ ಸಂಗ್ರಹದಲ್ಲಿ ನಮ್ಮ ವಿಶ್ವವಿದ್ಯಾಲಯಗಳು ಮಹತ್ವದ ಕೆಲಸ ಮಾಡಿವೆ. ಆದರೆ ಜನರು ದೂರು ಕೊಡುವ, ವಾದಿಸುವ, ಲೆಕ್ಕ ಕೇಳುವ ಕನ್ನಡವೂ ಸಂಗ್ರಹಯೋಗ್ಯವೇ. ಇಂತಹ ಕಾರ್ಯಕ್ರಮಗಳ ಧ್ವನಿಕಡತಗಳನ್ನು ಆಡಿದವರ ಒಪ್ಪಿಗೆಯೊಂದಿಗೆ, ಸ್ಥಳ ಮತ್ತು ದಿನಾಂಕ ಸಹಿತ ಕಾಪಿಡುವುದು ಮೊದಲನೆಯದು. ಪ್ರಸಾರ ನಿಂತೊಡನೆ ಸರ್ವರಿನ ಬಾಡಿಗೆಯೂ ನಿಂತು ಕಡತಗಳು ಅಳಿದುಹೋಗುವುದರಿಂದ ಈ ಕೆಲಸವನ್ನು ಮುಂದೂಡುವಂತಿಲ್ಲ. ಎರಡನೆಯದು, ಸ್ನಾತಕೋತ್ತರ ತರಗತಿಗಳ ಕ್ಷೇತ್ರಕಾರ್ಯದಲ್ಲಿ ಕಿರು ಬಾನುಲಿಗೂ ಸ್ಥಾನ ಕೊಡುವುದು. ಉಪಭಾಷೆಯನ್ನು ಪಟ್ಟಿ ಮಾಡಿ ಕಲಿಯುವ ವಿದ್ಯಾರ್ಥಿ, ಅದೇ ಉಪಭಾಷೆಯಲ್ಲಿ ಒಬ್ಬರು ತಮ್ಮ ಕೇರಿಯ ನೀರನ್ನು ಕೇಳುವುದನ್ನು ಆಲಿಸಿದಾಗ, ಭಾಷೆ ಏತಕ್ಕಾಗಿ ಇದೆ ಎಂಬುದನ್ನು ಬೇರೆಯದೇ ರೀತಿಯಲ್ಲಿ ಅರಿಯುತ್ತಾನೆ.