ಹೊಳೆಯಲ್ಲಿ ನಿಂತ ಕಂಬಗಳು

ಹೊಸರಿತ್ತಿಯ ದಂಡೆಯಲ್ಲಿ ನಿಂತು ವರದೆಗೆ ಒಂದು ಹೂ ಎಸೆಯಿರಿ. ಎಲ್ಲೂ ಸಿಕ್ಕಿಕೊಳ್ಳದಿದ್ದರೆ ಅದು ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಮುಂದೆ ಹೊಸಪೇಟೆಯ ಆಣೆಕಟ್ಟು ಅಡ್ಡ. ಅದನ್ನೂ ದಾಟಿದ ನೀರು ಹಂಪಿಯಲ್ಲಿ, ವಿಜಯವಿಠ್ಠಲ ದೇವಸ್ಥಾನದ ಸಮೀಪ, ಸಾಲುಗಟ್ಟಿ ನಿಂತ ಕಲ್ಲುಕಂಬಗಳ ನಡುವೆ ಹಾಯ್ದು ಹೋಗುತ್ತದೆ. ವಿಜಯನಗರದ ಅರಸರ ಕಾಲದ ಸೇತುವೆ ಅದು. ನಮ್ಮ ನೀರು ಮುಟ್ಟಿ ಹೋಗುವುದರಿಂದ ಅದರ ಸುದ್ದಿ ಬರೆಯುವ ಹಕ್ಕು ನಮಗೂ ಉಂಟು!

ನಮ್ಮ ಕಡೆಯವರು ಹಂಪಿಗೆ ಹೋದರೆ ವಿರೂಪಾಕ್ಷನಿಗೆ ಕಾಯಿ ಒಡೆಸಿ, ಕಲ್ಲಿನ ರಥದ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬಸ್ಸು ಹತ್ತುತ್ತಾರೆ. "ಸೇತುವೆ ನೋಡಿದ್ರೇನ್ರಿ?" ಎಂದರೆ, "ಅಲ್ಲಿ ಎಲ್ಲೈತ್ರೀ ಸೇತುವೆ?" ಎನ್ನುತ್ತಾರೆ. ತಪ್ಪು ಅವರದಲ್ಲ. ಸೇತುವೆಯ ಮೈ ಉಳಿದಿಲ್ಲ, ಕಾಲು ಮಾತ್ರ ಉಳಿದಿವೆ. ಒರಟು ಕಣಶಿಲೆಯ ಉದ್ದುದ್ದ ಕಂಬಗಳು. ಹತ್ತಿರದಲ್ಲೇ ಇರುವ ವಿಠ್ಠಲನ ಮಂಟಪದಲ್ಲಿ ಕಂಬಕ್ಕೆ ಕಂಬ ಕೆತ್ತಿದ ಜನ ಇಲ್ಲಿ ಉಳಿ ತೀಡುವ ಗೋಜಿಗೆ ಹೋಗಿಲ್ಲ. ಹೊಳೆಗೆ ಚೆಲುವು ಯಾಕೆ, ಬಲ ಬೇಕು ಎಂದುಕೊಂಡರೋ ಏನೋ.

ಸುಮಾರು ೧೫೨೦ರಲ್ಲಿ ಬಂದ ಪೋರ್ತುಗೀಸ ಡೊಮಿಂಗೊ ಪೇಸ್ ಹೊಳೆ ದಾಟುವ ಬಗೆ ಬರೆದಿದ್ದಾನೆ. ಅವನು ಬಣ್ಣಿಸಿದ್ದು ಬುಟ್ಟಿಯಂಥ ದುಂಡು ದೋಣಿ: ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸುವಂಥದ್ದು. ನಮ್ಮ ಹರಗೋಲೇ!

ದಾಟುವಲ್ಲಿ ದೇವರೂ ಇರಬೇಕು. ಹಂಪಿಯ ದಂಡೆಯುದ್ದಕ್ಕೂ ಬಂಡೆಗಳಲ್ಲೇ ದೇವರು ಕೂತಿದ್ದಾರೆ. ಚಕ್ರತೀರ್ಥದ ಮಡುವಿನ ಬಳಿ ಕೋದಂಡರಾಮ ಒಂದೇ ಬಂಡೆಯಲ್ಲಿ ಸೀತೆ, ಲಕ್ಷ್ಮಣರೊಡನೆ ನಿಂತಿದ್ದಾನೆ. ಅಲ್ಲೇ ಮೇಲೆ ಯಂತ್ರೋದ್ಧಾರಕ ಹನುಮಪ್ಪ. ಕೆಳಗೆ ಬಂದರೆ ನೀರಿನಂಚಿನ ಬಂಡೆಯಲ್ಲಿ ಶೇಷನ ಮೇಲೆ ಮಲಗಿದ ಅನಂತಶಯನ, ಮತ್ತೊಂದು ಹಾಸುಬಂಡೆಯ ಮೇಲೆ ಸಾಲು ಸಾಲು ಪುಟ್ಟ ಲಿಂಗಗಳು, ಕೋಟಿಲಿಂಗ. ಯಾವ ಗುಡಿಯೂ ಇಲ್ಲ, ಬಾಗಿಲೂ ಇಲ್ಲ. ಹೊಳೆ ಬಂದಾಗ ಅಭಿಷೇಕ, ಇಳಿದಾಗ ದರ್ಶನ. ಶೈವರ ಲಿಂಗವೂ ವೈಷ್ಣವರ ಶೇಷಶಾಯಿಯೂ ಒಂದೇ ನೀರಿನಲ್ಲಿ ನೆನೆಯುತ್ತಾರೆ. ಸೇತುವೆಯ ಬಳಿಯ ಪುರಂದರ ಮಂಟಪವೂ ಅಷ್ಟೇ. ಆಣೆಕಟ್ಟಿನ ಗೇಟು ತೆಗೆದರೆ ನೀರೊಳಗೆ.

ನಮ್ಮ ಗಳಗನಾಥದಲ್ಲೂ ಕಲ್ಲುಕುಟಿಗರು ಹೊಳೆಯನ್ನು ಮರೆತಿರಲಿಲ್ಲ. ಹನ್ನೊಂದನೆಯ ಶತಮಾನದ, ಚಾಲುಕ್ಯರ ಕಾಲದ ಗಳಗೇಶ್ವರ ದೇವಸ್ಥಾನದ ಗರ್ಭಗುಡಿಯ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಲ್ಲಿನ ಆಸರೆ ಇದೆ. ಸಂಗಮದ ಪೂರಕ್ಕೆ ಗುಡಿ ಜಗ್ಗದಿರಲೆಂದು ಹೀಗೆ ಕಟ್ಟಿದರೆಂದು ತಿಳಿದವರು ಹೇಳುತ್ತಾರೆ.

ಈಗಿನವರ ಸೇತುವೆಯ ಕಥೆ ಬೇರೆ. ಹಂಪಿ ೧೯೮೬ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆನೆಗೊಂದಿಗೆ ಹೊಸ ಸೇತುವೆ ಕಟ್ಟತೊಡಗಿದ್ದರಿಂದ ೧೯೯೯ರಲ್ಲಿ "ಅಪಾಯದಲ್ಲಿರುವ" ಪಟ್ಟಿಗೂ ಸೇರಿತು. ಕೆಲಸ ನಿಂತಿತು, ಮತ್ತೆ ನಡೆಯಿತು. ೨೦೦೬ರಲ್ಲಿ ಹೆಸರು ಆ ಪಟ್ಟಿಯಿಂದ ಇಳಿಯಿತು. ೨೦೦೯ರ ಜನವರಿಯಲ್ಲಿ, ಕಟ್ಟುತ್ತಿದ್ದ ಸೇತುವೆಯೇ ಕುಸಿದು ಬಿತ್ತು. ಕೂಲಿ ಜನ ಜೀವ ಕಳೆದುಕೊಂಡರು. ಬಳಿಕ ಕೆಳಗಡೆ, ಬುಕ್ಕಸಾಗರ ಮತ್ತು ಕಡೆಬಾಗಿಲು ನಡುವೆ ಸೇತುವೆಯಾಯಿತು. ಸೇತುವೆ ಬೇಕೆಂದ ಹಳ್ಳಿಗರನ್ನು ಜರೆಯಲು ನನಗೆ ಬಾಯಿ ಬರುವುದಿಲ್ಲ. ವರದೆ ತುಂಬಿ ಬಂದಾಗ ಆಚೆ ದಂಡೆಯ ಹೊಲಕ್ಕೆ ಹೋಗಲಾರದ ಸಂಕಟ ನಮ್ಮವರಿಗೆ ಗೊತ್ತಿಲ್ಲವೆ? ಕಲ್ಲು ಉಳಿಯಲಿ ಎನ್ನುವವನು ದಾಟುವ ಬೇರೆ ದಾರಿಯನ್ನೂ ತೋರಿಸಬೇಕು.

ಆದರೆ ಯಾವ ಗರಜೂ ಇಲ್ಲದೆ ಕಲ್ಲು ಕೆಡಹುವವರಿಗೆ ಏನೆನ್ನೋಣ? ೨೦೧೯ರಲ್ಲಿ ಗಜಶಾಲೆಯ ಹಿಂದಿನ ಗುಡಿಯ ಕಂಬವನ್ನು ನೂಕಿ ಬೀಳಿಸಿದ ಹುಡುಗರ ಆಟ ವಿಡಿಯೋದಲ್ಲಿ ಊರೂರು ಸುತ್ತಿತು. ಕೋರ್ಟು ದಂಡ ಹಾಕಿದ್ದಲ್ಲದೆ ಅವರ ಕೈಯಿಂದಲೇ ಕಂಬ ಎತ್ತಿ ನಿಲ್ಲಿಸಿತು. ಭಲೆ ಶಿಕ್ಷೆ! ಬೀಳಿಸಲು ಒಂದು ನೂಕು ಸಾಕಾಗಿತ್ತು. ನಿಲ್ಲಿಸಲು ಎಷ್ಟು ರೆಟ್ಟೆ ಬೇಕೆಂದು ಆಗ ತಿಳಿದಿರಬೇಕು.

ಹೊಳೆಯ ಕಂಬಗಳಿಗೆ ಕಾವಲುಗಾರನಿಲ್ಲದಿದ್ದರೂ ನೀರಿನ ಕಾವಲಿದೆ. ಬೇಸಿಗೆಯಲ್ಲಿ ಅದೂ ಇಳಿಯುತ್ತದೆ. ನೋಡಲು ಅದೇ ಒಳ್ಳೆಯ ಕಾಲ. ವಿಠ್ಠಲನ ಗುಡಿಯಿಂದ ಪುರಂದರ ಮಂಟಪದ ಕಡೆ ಇಳಿದರೆ ಎದುರಿಗೇ ಕಾಣುತ್ತವೆ. ಮಕ್ಕಳ ಕೈ ಮಾತ್ರ ಬಿಡಬೇಡಿ, ಮಡುವು ಆಳ.