ಬ್ಯಾಟರಿ ಬೇಡದ ಬೇಸ್ ಗಿಟಾರ್

ಎಲೆಕ್ಟ್ರಿಕ್ ಬೇಸ್ ಗಿಟಾರ್ ಮೊದಲಿಗೆ ಬ್ಯಾಟರಿ ಬೇಡುವ ವಾದ್ಯವಾಗಿರಲಿಲ್ಲ. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಲಿಯೋ ಫೆಂಡರ್ 1951ರಲ್ಲಿ ರೂಪಿಸಿದ ಪ್ರಿಸಿಷನ್ ಬೇಸ್‌ನೊಳಗೆ ಒಂದು ಪಿಕಪ್, ವಾಲ್ಯೂಮ್ ಮತ್ತು ಟೋನ್ ತಿರುಪುಗಳು, ಒಂದು ಕೆಪಾಸಿಟರ್, ಕೇಬಲ್ ಸಿಕ್ಕಿಸುವ ಜ್ಯಾಕ್ ಇಷ್ಟೇ ಇದ್ದವು. 1960ರ ಜಾಝ್ ಬೇಸ್‌ನಲ್ಲಿ ಪಿಕಪ್ ಎರಡಾದವು, ಪದ್ಧತಿ ಬದಲಾಗಲಿಲ್ಲ. ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಕೈಯಲ್ಲಿದ್ದುದು ಇಂಥ ಪ್ರಿಸಿಷನ್. ಇನ್ನೊಬ್ಬ ವಾದಕ ಜಾಕೋ ಪಾಸ್ಟೋರಿಯಸ್ ಹೆಸರಾದದ್ದು ಫ್ರೆಟ್ ಇಲ್ಲದ ಜಾಝ್ ಬೇಸ್‌ನಿಂದ. ಬ್ಯಾಟರಿಯಿಲ್ಲದ ಇಂಥವನ್ನು ಪ್ಯಾಸಿವ್ ಬೇಸ್ ಎನ್ನುತ್ತಾರೆ.

ಲಿಯೋ ಫೆಂಡರ್ ಅವರೇ ಮುಂದೆ ಮ್ಯೂಸಿಕ್ ಮ್ಯಾನ್ ಕಂಪನಿಯಲ್ಲಿದ್ದಾಗ, 1976ರಲ್ಲಿ ಬಂದ ಸ್ಟಿಂಗ್‌ರೇ ಬೇಸ್‌ಗೆ 9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಪ್ರೀಆಂಪ್ ಸೇರಿತು. ಪ್ಯಾಸಿವ್ ಬೇಸ್‌ನ ಟೋನ್ ತಿರುಪು ಟ್ರೆಬಲ್ ಅನ್ನು ಕಡಿಮೆ ಮಾಡಬಲ್ಲದು, ಅಷ್ಟೇ. ಪ್ರೀಆಂಪ್ ಮಂದ್ರವನ್ನೂ ಟ್ರೆಬಲ್ಲನ್ನೂ ಏರಿಸಿಯೂ ಕೊಡುತ್ತದೆ. ಉದ್ದದ ಕೇಬಲ್ ಹಾಕಿದರೂ ನಾದ ಮಸುಕಾಗುವುದಿಲ್ಲ. ಈ ಅನುಕೂಲಗಳಿಂದ ಪ್ರೀಆಂಪ್ ಇರುವ ಆಕ್ಟಿವ್ ಬೇಸ್ ಬೇಗ ಹರಡಿತು.

ಹಾಗಿದ್ದೂ ಆಕ್ಟಿವ್ ಬೇಸ್ ಅನ್ನು ಪ್ಯಾಸಿವ್ ಮಾಡಿಸಿಕೊಳ್ಳುವವರು ಕಡಿಮೆಯಿಲ್ಲ. ಪ್ರೀಆಂಪ್ ಕೆಟ್ಟು ಅದರ ಬಿಡಿಭಾಗ ಸಿಗದಿರುವುದು ಒಂದು ಕಾರಣ. ಕಛೇರಿಯ ನಡುವೆ ಬ್ಯಾಟರಿ ಸೋತು ದನಿ ಒಡೆಯುವುದು ಇನ್ನೊಂದು. ಎಲ್ಲಕ್ಕಿಂತ ಗಟ್ಟಿಯಾದ ಕಾರಣ ನಾದದ್ದೇ: ಬೆರಳಿನ ಒತ್ತಡ, ತಿರುಪಿನ ಚಲನೆ, ಕೇಬಲ್, ಆಂಪ್ಲಿಫೈಯರ್ ಎಲ್ಲವೂ ನೇರವಾಗಿ ದನಿಯನ್ನು ತಿದ್ದುವ ಪ್ಯಾಸಿವ್ ಬೇಸ್‌ನ ಗುಣ ಕೆಲವರಿಗೆ ಬೇರೆಲ್ಲೂ ಸಿಗುವುದಿಲ್ಲ.

ಕೆಲಸ ಶುರುವಾಗಬೇಕಾದದ್ದು ಪತ್ತೆಯಿಂದ. ಬ್ಯಾಟರಿ ಇರುವ ಬೇಸ್‌ಗಳಲ್ಲಿ ಎರಡು ಜಾತಿ. ಮೊದಲನೆಯದರಲ್ಲಿ ಪಿಕಪ್ ಮಾಮೂಲಿಯದೇ, ಪ್ರೀಆಂಪ್ ಮಾತ್ರ ಬೇರೆಯಾಗಿ ವಾದ್ಯದ ಕುಳಿಯಲ್ಲಿ ಕೂತಿರುತ್ತದೆ. ಸ್ಟಿಂಗ್‌ರೇ ಈ ಜಾತಿಯದು. ಇಲ್ಲಿ ಪಿಕಪ್ ಬದಲಿಸಬೇಕಾಗಿಯೇ ಇಲ್ಲ, ಪ್ರೀಆಂಪ್ ತೆಗೆದು ತಿರುಪುಗಳನ್ನೂ ವೈರಿಂಗನ್ನೂ ಹೊಸದು ಮಾಡಿದರೆ ಸಾಕು. ಎರಡನೆಯದರಲ್ಲಿ, ಇಎಂಜಿ ಕಂಪನಿಯವರು ಪ್ರಸಿದ್ಧಗೊಳಿಸಿದಂತೆ, ಪಿಕಪ್ಪಿನ ಹೊದಿಕೆಯೊಳಗೇ ಪುಟ್ಟ ಆಂಪ್ಲಿಫೈಯರ್ ಅಡಗಿರುತ್ತದೆ. ಪಿಕಪ್‌ನಿಂದಲೇ ಬ್ಯಾಟರಿಗೆ ಒಂದು ಎಳೆ ಹೋಗಿದ್ದರೆ ಅದು ಈ ಜಾತಿಯದು. ಬ್ಯಾಟರಿ ಇಲ್ಲದೆ ಅದು ಸದ್ದೇ ಮಾಡದು, ಹಾಗಾಗಿ ಪಿಕಪ್ಪನ್ನೇ ಬದಲಿಸಬೇಕು. ಹೊಸದನ್ನು ಕೊಳ್ಳುವ ಮುನ್ನ ಹಳೆಯದರ ಉದ್ದ, ಅಗಲ, ಮೂಲೆಗಳ ಆಕಾರವನ್ನು ಅಳೆಯುವುದು ಕಡ್ಡಾಯ. ಮಿ.ಮೀ. ಲೆಕ್ಕದ ವ್ಯತ್ಯಾಸಕ್ಕೂ ಮರ ಕೆತ್ತಬೇಕಾಗುತ್ತದೆ, ಕೆತ್ತಿದ ಮರ ಮತ್ತೆ ಬಾರದು.

ಪಿಕಪ್ ಬದಲಿಸಿ ಹಳೆಯ ತಿರುಪುಗಳನ್ನೇ ಉಳಿಸಿಕೊಳ್ಳುವುದು ಹೆಚ್ಚಾಗಿ ಆಗುವ ತಪ್ಪು. ಪ್ಯಾಸಿವ್ ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಕೂದಲೆಳೆಯಷ್ಟು ತೆಳ್ಳಗಿನ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಅದರಿಂದ ಹೊರಡುವ ಸಂಕೇತ ದುರ್ಬಲ, ಹೊರೆ ತಾಳಲಾರದು. ಆಕ್ಟಿವ್ ಪಿಕಪ್‌ಗಳ ಜೊತೆ ಬರುವ ಪಾಟ್‌ಗಳು, ಅಂದರೆ ತಿರುಪಿನಡಿಯ ಪೊಟೆನ್ಶಿಯೋಮೀಟರ್‌ಗಳು, ಸಾಮಾನ್ಯವಾಗಿ 25 ಕಿಲೋ ಓಮ್‌ನವು. ಅವುಗಳಿಗೆ ಪ್ಯಾಸಿವ್ ಪಿಕಪ್ ಜೋಡಿಸಿದರೆ ಟ್ರೆಬಲ್ಲಿನ ಬಹುಪಾಲು ಗ್ರೌಂಡ್‌ಗೆ ಸೋರಿಹೋಗಿ ದನಿ ಮಂಕಾಗುತ್ತದೆ. ಒಂಟಿ ಸುರುಳಿಯ ಪಿಕಪ್‌ಗೆ 250 ಕಿಲೋ ಓಮ್, ಜೋಡಿ ಸುರುಳಿಯ ಹಂಬಕರ್‌ಗೆ 250 ಅಥವಾ 500 ಕಿಲೋ ಓಮ್ ರೂಢಿಯ ಅಳತೆ. ಪಾಟ್‌ನ ಓಮ್ ಹೆಚ್ಚಾದಷ್ಟೂ ಟ್ರೆಬಲ್ ಹೆಚ್ಚು ಉಳಿಯುತ್ತದೆ. ಟೋನ್‌ಗೆ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಸಾಕು.

ಪಾಟ್ ಕೂರಿಸುವಾಗ ಒಂದು ತೊಡಕಿದೆ. ಅನೇಕ ಏಷ್ಯನ್ ತಯಾರಿಕೆಯ ಬೇಸ್‌ಗಳ ತೂತು ಸಣ್ಣ ಪಾಟ್‌ಗೆ ತಕ್ಕದ್ದು. ದೊಡ್ಡ ಪಾಟ್‌ನ ಕತ್ತಿಗೆ ಸುಮಾರು 9.5 ಮಿ.ಮೀ. ತೂತು ಬೇಕು. ಡ್ರಿಲ್ ಮಷಿನ್ ಹಾಕಿದರೆ ಪಾಲಿಶ್ ಚಕ್ಕೆಯೇಳುವ ಅಪಾಯ ಹೆಚ್ಚು. ರೀಮರ್ ಹಿಡಿದು ಕೈಯಲ್ಲೇ ನಿಧಾನವಾಗಿ ಅಗಲಿಸುವುದು ಕ್ಷೇಮ.

ವೈರಿಂಗ್ ಕಷ್ಟದ್ದಲ್ಲ. ಒಂದೇ ಪಿಕಪ್ ಆದರೆ ಅದರ ಬಿಸಿ ಎಳೆ (ಸಂಕೇತ ಒಯ್ಯುವುದು) ವಾಲ್ಯೂಮ್ ಪಾಟ್‌ನ ಒಂದು ಅಂಚಿನ ಕಾಲಿಗೆ, ನಡುವಿನ ಕಾಲಿನಿಂದ ಜ್ಯಾಕ್‌ನ ತುದಿಗೆ, ಇನ್ನೊಂದು ಅಂಚು ಗ್ರೌಂಡ್‌ಗೆ. ಪಿಕಪ್ ಬಂದು ಸೇರುವ ಕಾಲಿನಿಂದಲೇ ಟೋನ್ ಪಾಟ್‌ಗೆ ಒಂದು ತಂತಿ, ಅಲ್ಲಿಂದ ಕೆಪಾಸಿಟರ್ ಮೂಲಕ ಗ್ರೌಂಡ್. ಎರಡು ಪಿಕಪ್, ಎರಡು ವಾಲ್ಯೂಮ್ ಇರುವ ಜಾಝ್ ಬೇಸ್ ಕ್ರಮದಲ್ಲಿ ಮಾತ್ರ ಪಿಕಪ್ ಎಳೆಯನ್ನು ನಡುವಿನ ಕಾಲಿಗೆ ಬೆಸೆದು, ಎರಡೂ ಪಾಟ್‌ಗಳ ಒಂದೊಂದು ಅಂಚಿನ ಕಾಲನ್ನು ಜೋಡಿಸಿ ಹೊರಕ್ಕೆ ಕೊಂಡೊಯ್ಯುತ್ತಾರೆ. ಹೀಗೆ ಮಾಡದಿದ್ದರೆ ಒಂದು ಪಿಕಪ್ಪಿನ ವಾಲ್ಯೂಮ್ ಪೂರ್ತಿ ಇಳಿಸಿದಾಗ ಎರಡೂ ಮೂಕವಾಗುತ್ತವೆ. ಬೆಸುಗೆಗೆ ರೋಸಿನ್ ಇರುವ ಸೀಸವೇ ಆಗಬೇಕು. ಪೈಪ್ ಬೆಸೆಯುವ ಆಸಿಡ್ ಫ್ಲಕ್ಸ್ ತಂತಿಯನ್ನು ತಿಂದುಹಾಕುತ್ತದೆ. ಪಾಟ್‌ನ ಬೆನ್ನನ್ನು ಮರಳು ಕಾಗದದಿಂದ ಉಜ್ಜಿ, ಮೊದಲು ಅದಕ್ಕೆ ಸೀಸ ಹತ್ತಿಸಿ, ನಂತರ ಗ್ರೌಂಡ್ ತಂತಿಯನ್ನು ಕೂರಿಸಬೇಕು. ಬಹಳ ಹೊತ್ತು ಕಾಯಿಸಿದರೆ ಒಳಗಿನ ಇಂಗಾಲದ ಪಟ್ಟಿ ಸುಡುತ್ತದೆ.

ಆಕ್ಟಿವ್ ಬೇಸ್‌ನಲ್ಲಿರುವುದು ಮೂರು ಸಂಪರ್ಕದ ಸ್ಟೀರಿಯೋ ಜ್ಯಾಕ್. ಕೇಬಲ್ ಸಿಕ್ಕಿಸಿದಾಗ ಮೂರನೆಯ ಸಂಪರ್ಕ ಗ್ರೌಂಡ್‌ಗೆ ತಾಗಿ ಬ್ಯಾಟರಿ ಚಾಲೂ ಆಗುತ್ತದೆ. ಕೇಬಲ್ ಕೀಳದೆ ಬಿಟ್ಟರೆ ಬ್ಯಾಟರಿ ಖಾಲಿಯಾಗುವುದು ಇದೇ ಕಾರಣಕ್ಕೆ. ಪ್ಯಾಸಿವ್‌ಗೆ ಮೋನೋ ಜ್ಯಾಕ್ ಸಾಕು. ಹಳೆಯದನ್ನೇ ಉಳಿಸಿಕೊಂಡರೆ ಆ ಮೂರನೆಯ ಕಾಲನ್ನು ಖಾಲಿ ಬಿಟ್ಟರಾಯಿತು.

ತುಂಬ ಜನ ಮರೆಯುವುದು ಬ್ರಿಡ್ಜ್ ಗ್ರೌಂಡ್, ಅಂದರೆ ವಾದ್ಯದ ತಂತಿಗಳು ಕೂರುವ ಬ್ರಿಡ್ಜನ್ನು ಗ್ರೌಂಡ್‌ಗೆ ಸೇರಿಸುವ ವೈರ್. ಇಎಂಜಿಯಂಥ ಪಿಕಪ್‌ಗಳಿಗೆ ತಂತಿಗಳನ್ನು ಗ್ರೌಂಡ್‌ಗೆ ಜೋಡಿಸುವ ಅಗತ್ಯವಿಲ್ಲ, ಹಾಗಾಗಿ ಕೆಲವು ಬೇಸ್‌ಗಳಲ್ಲಿ ಆ ವೈರೇ ಇರುವುದಿಲ್ಲ, ಇದ್ದರೂ ಕತ್ತರಿಸಿರುತ್ತದೆ. ಪ್ಯಾಸಿವ್‌ಗೆ ಅದು ಬೇಕೇ ಬೇಕು, ಇಲ್ಲವಾದರೆ ನಮ್ಮ 50 ಹರ್ಟ್ಜ್ ಮನೆ ವಿದ್ಯುತ್ತಿನ ಗುಂಯ್ ಎನ್ನುವ ಸದ್ದು ಬಿಡದು. ಬ್ರಿಡ್ಜ್ ಬಿಚ್ಚಿ, ಕುಳಿಯಿಂದ ಬರುವ ಸಣ್ಣ ತೂತಿನಲ್ಲಿ ವೈರ್ ತೂರಿಸಿ, ತುದಿಯ ಎಳೆಗಳನ್ನು ಬೀಸಣಿಗೆಯಂತೆ ಹರಡಿ ಬ್ರಿಡ್ಜ್ ಕೆಳಗೆ ಒತ್ತಿಹಿಡಿಯುವಂತೆ ಸ್ಕ್ರೂ ಬಿಗಿದರೆ ಸಾಕು. ಕುಳಿಯ ಗೋಡೆಗಳಿಗೆ ತಾಮ್ರದ ಟೇಪ್ ಅಂಟಿಸಿ ಅದನ್ನೂ ಗ್ರೌಂಡ್ ಮಾಡುವುದು ಇನ್ನಷ್ಟು ಒಳ್ಳೆಯದು.

ಪರೀಕ್ಷೆಯನ್ನು ಮುಚ್ಚಳ ಹಾಕುವ ಮುನ್ನವೇ ಮುಗಿಸಬೇಕು. ವಾದ್ಯದ ತಂತಿ ಮುಟ್ಟಿದಾಗ ಗುಂಯ್ ಸದ್ದು ಇಳಿದರೆ ಸರಿ. ಏರಿದರೆ ಜ್ಯಾಕ್‌ನಲ್ಲಿ ಬಿಸಿ ಮತ್ತು ಗ್ರೌಂಡ್ ಅದಲುಬದಲಾಗಿವೆ. ಎರಡೂ ಪಿಕಪ್ ತೆರೆದಾಗ ಮಂದ್ರ ಕಳೆದು ದನಿ ಸೊರಗಿದರೆ ಒಂದರ ಎಳೆಗಳು ಉಲ್ಟಾ. ಪಿಕಪ್ ಎತ್ತರವನ್ನು ತಂತಿಯಿಂದ ಸುಮಾರು 3 ಮಿ.ಮೀ. ಅಂತರದಿಂದ ಶುರುಮಾಡಿ ಕಿವಿಗೆ ತಕ್ಕಂತೆ ಹೊಂದಿಸಬಹುದು. ತೀರಾ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನೇ ಎಳೆದು ಶ್ರುತಿ ಕೆಡಿಸುತ್ತದೆ.

ಕೆಲಸ ಮುಗಿದ ಮೇಲೆ ಕೇಬಲ್ಲನ್ನೂ ವಾದ್ಯದ ಭಾಗವೆಂದೇ ಎಣಿಸಬೇಕು, ಏಕೆಂದರೆ ಅದು ಉದ್ದವಾದಷ್ಟೂ ಟ್ರೆಬಲ್ ಕುಗ್ಗುತ್ತದೆ. ಐದಾರು ಮೀಟರ್ ಒಳಗಿದ್ದರೆ ಚೆನ್ನ. ಕಳಚಿದ ಪ್ರೀಆಂಪ್, ಪಿಕಪ್‌ಗಳನ್ನು ಎಸೆಯದೆ, ಯಾವ ಎಳೆ ಎಲ್ಲಿತ್ತು ಎಂಬ ಫೋಟೋ ಸಮೇತ ಎತ್ತಿಟ್ಟರೆ ವಾದ್ಯವನ್ನು ಎಂದಾದರೂ ಮೊದಲಿನಂತೆ ಮಾಡಬಹುದು. ಮಾರುವಾಗಲೂ ಅದು ನೆರವಾಗುತ್ತದೆ.

ಕೊನೆಯದಾಗಿ ಒಂದು ಎಚ್ಚರ. ಬ್ರಿಡ್ಜ್ ಗ್ರೌಂಡ್ ಆದ ಬೇಸ್‌ನ ತಂತಿಗಳು ಕೇಬಲ್ ಮೂಲಕ ಆಂಪ್ಲಿಫೈಯರಿನ ಕವಚಕ್ಕೆ ನೇರ ಸೇರಿರುತ್ತವೆ; ಕವಚಕ್ಕೆ ವಿದ್ಯುತ್ ಸೋರಿದರೆ ನುಡಿಸುವವರಿಗೂ ಶಾಕ್ ಹೊಡೆಯಬಹುದು. ಗಣೇಶೋತ್ಸವದ ಪೆಂಡಾಲ್, ಮದುವೆ ಛತ್ರಗಳಂಥ ತಾತ್ಕಾಲಿಕ ವೈರಿಂಗ್ ಇರುವ ವೇದಿಕೆಗಳಲ್ಲಿ ಮೂರು ಪಿನ್ನಿನ ಸಾಕೆಟ್‌ಗೆ ನಿಜವಾದ ಅರ್ತಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷಿಸಿಕೊಳ್ಳದೆ ಯಾರೂ ಬೇಸ್ ಕೈಗೆತ್ತಿಕೊಳ್ಳಬಾರದು.